ಹನ್ನೊಂದನೇ ಟ್ಯೂಬು

ಶಹಾಬಾದಿನ ಫರಸಿ ಖಣಿಯ ಬದುವಿಗೆ
ಸಂಜೆ ಐದಕ್ಕೆ ಬೋನು ಇಟ್ಟು ಬಂದೆ,
ಹುರಿದ ಶೇಂಗಾ ಕುಟ್ಟಿ
ರೊಟ್ಟಿ ಚೂರಿಗೆ ಮೆತ್ತಿ.

ಬೆಳಿಗ್ಗೆ ಮೂರು ಬೋನಿನ ಬಾಗಿಲು ಬಿದ್ದಿತ್ತು.
ಒಂದರಲ್ಲಿ ತೊಗರಿ ಹೊಲದ ಚಿಟ್ಟಿಲಿ,
ಹೆಬ್ಬೆರಳಿನಷ್ಟೇ, ಹೊಟ್ಟೆ ಬೆಳ್ಳಗೆ.
ಒಂದರಲ್ಲಿ ಕಲ್ಲಿಲಿ. ಸವರಿದರೆ ಬೆನ್ನ ಕೂದಲು
ಜೋಳದ ಸುಂಕಿನ ಹಾಗೆ ಚುಚ್ಚುತ್ತದೆ.
ಇನ್ನೊಂದರಲ್ಲಿ ಒಂದು ಕಪ್ಪೆ,
ನನಗಿಂತ ಹೆಚ್ಚು ಬೇಸರದಲ್ಲಿ.

ಕಿವಿಯಂಚಿನ ಎಳ್ಳಷ್ಟು ಚರ್ಮ ಸ್ಪಿರಿಟಿಗೆ,
ಇಲಿ ಮತ್ತೆ ಹುಲ್ಲಿಗೆ.
ಅದು ಓಡಿ ಹೊಕ್ಕ ಬಿಲದ ಬಾಯಿಗೆ
ಹರಳು ಹಾಸಿಟ್ಟಿತ್ತು. ಎಣಿಸಿದೆ: ಇಪ್ಪತ್ತಮೂರು.

ಆಯಿ ಯಂಕವ್ವ ನಲವತ್ತು ವರ್ಷ
ಇದೇ ಖಣಿಯಲ್ಲಿ ಫರಸಿ ಎಬ್ಬಿಸಿದವಳು.
ಬೋನಿಗೆ ಬಗ್ಗಿ ನೋಡಿ ಮನೆಮಾತಿನಲ್ಲಿ ಅಂದಳು: "ಲೆಗ್ಗಡೆ.
ನಮ್ಮಂಗ ಕಲ್ಲಿನ ಕೆಲ್ಸದ್ದು. ಪಗಾರಿಲ್ಲದ್ದು."

ಆ ಹೆಸರು ನಾನು ಮೊದಲೇ ನೋಡಿದ್ದೆ,
ಮೇಡಂ ಕೊಟ್ಟ ಹಳೇ ಪುಸ್ತಕದ ಝೆರಾಕ್ಸಿನಲ್ಲಿ,
ಲ್ಯಾಟಿನ್ನಿನ ಓರೆ ಅಕ್ಷರದಲ್ಲಿ, ಲೆಗ್ಗಡಾ.
ಯಾರೋ ಬಿಳಿ ದೊರೆ ಯಾವುದೋ ವಡ್ಡರ ಹಟ್ಟಿ ಮುಂದೆ
ಕುದುರೆ ನಿಲ್ಲಿಸಿ ಕೇಳಿರಬೇಕು, ಇದಕ್ಕೇನಂತೀರಿ?
ಹೇಳಿದವರ ಹೆಸರು ಅಲ್ಲಿಲ್ಲ.
ಇಲಿಯ ಹೆಸರಿತ್ತು, ಅದನ್ನೂ ಆಮೇಲೆ ತೆಗೆದರು.
ಹಲ್ಲು ನೋಡಿ, ಬಾಲ ಅಳೆದು
ಚಿಟ್ಟಿಲಿಯನ್ನೂ ಕಲ್ಲಿಲಿಯನ್ನೂ
ಒಂದೇ ಮನೆತನಕ್ಕೆ ಸೇರಿಸಿದ್ದರಂತೆ ಆಗ.

ಕಲಬುರಗಿಯ ಲ್ಯಾಬಿನಲ್ಲಿ ಮೇ ತಿಂಗಳು.
ಕರೆಂಟು ಹೋದರೆ ಮೊದಲು ಫ್ರಿಜ್ಜಿಗೆ ಬೆವರು, ಆಮೇಲೆ ನಮಗೆ.
ಸಾವಿರದ ನೂರಾ ಚಿಲ್ಲರೆ ಅಕ್ಷರದ ಒಂದು ಜೀನು,
ಎ, ಸಿ, ಜಿ, ಟಿ, ನಾಲ್ಕೇ.
ನಮ್ಮ ಕಾಗುಣಿತದ ಮುಂದೆ ಭಿಕಾರಿ ಲಿಪಿ.
ತಾಯಿಯಿಂದ ಮಕ್ಕಳಿಗೆ ಬರುವಂಥದು,
ಗಂಡಿಗೆ ಬಂದರೆ ಅಲ್ಲಿಗೇ ಮುಗಿಯಿತು.
ತಹಶೀಲ ಕಚೇರಿಯಲ್ಲಿ ನನ್ನ ಜಾತಿ ಪತ್ರಕ್ಕೆ
ಅಪ್ಪ, ಅಪ್ಪನ ಅಪ್ಪ, ಅವನು ಹೋಗದ ಶಾಲೆಯ ದಾಖಲೆ ಕೇಳಿದ್ದರು.
ಕಲ್ಲಿಲಿಗೆ ಯಾರೂ ಅಪ್ಪನ ಹೆಸರು ಕೇಳಲಿಲ್ಲ.

ಸಾಲಿನ ಕೆಳಗೆ ಸಾಲು ಹೊಂದಿಸಿ
ಅಕ್ಷರ ತಪ್ಪಿದಲ್ಲೆಲ್ಲ ಗುರುತು ಹಾಕಿದೆ.
ಎಷ್ಟು ಸಾವಿರ ತಾಯಂದಿರು ನಕಲು ಮಾಡಿದರೋ,
ಎಲ್ಲೋ ಒಬ್ಬಳ ಕೈತಪ್ಪು,
ಅದೇ ಈಗ ನಮಗೆ ಗಡಿಯಾರ.
ಕಂಪ್ಯೂಟರು ರಾತ್ರಿಯೆಲ್ಲ ಕಲಕಿ ಕಲಕಿ ಗಿಡ ಕಟ್ಟಿತು.
ನೂರಕ್ಕೆ ತೊಂಬತ್ತೇಳು ಸಲ ಒಂದೇ ಮಾತು:
ಹೊಲದ ಚಿಟ್ಟಿಲಿ ಅಡುಗೆಮನೆ ಇಲಿಯ ಕಡೆಯದು.
ಕಲ್ಲಿಲಿ ಬೇರೆ ಟೊಂಗೆ,
ಎಷ್ಟೋ ಲಕ್ಷ ವರ್ಷದ ಹಿಂದೆಯೇ ಬೇರೆ ಒಲೆ ಹೂಡಿದ್ದು.

ಹನ್ನೊಂದನೇ ಟ್ಯೂಬು ಮಾತ್ರ ಎಲ್ಲೂ ಕೂಡಲಿಲ್ಲ.
ಗಿಡದಿಂದ ಮಾರುದ್ದ ಆಚೆ ಒಂಟಿ ಗೆರೆ.
ಎದೆ ಡವಡವ. ಹೊಸ ಜಾತಿಯೇ ಇರಬೇಕು,
ಆಯಿಯ ಹೆಸರಿಡುವುದು ಅಂತ
ಕಾಗುಣಿತ ಕೂಡ ಬರೆದುಕೊಂಡಿದ್ದೆ.
ಮೆಹಜಬೀನ್ ಮೇಡಂ ಕನ್ನಡಕ ಏರಿಸಿ ನೋಡಿ
ನಗುತ್ತ ಚಹಾ ಚೆಲ್ಲಿಕೊಂಡರು:
"ಅವತ್ತು ಗ್ಲೌಸ್ ಹಾಕ್ಕೊಂಡಿದ್ದಿಲ್ಲೇನ?
ಇದು ಇಲಿ ಅಲ್ಲ, ಮನುಷ್ಯಾರದು. ಇದು ನೀನೇ."

ಅಳಿಸು ಅಂದರು.
ಅಳಿಸುವ ಮುಂಚೆ ಆಯಿಗೆ ಫೋನು ಹಚ್ಚಿ ಓದಿದೆ.
ಅವ್ವನ ಅವ್ವ ಅವಳು,
ಆ ಅಕ್ಷರ ನನ್ನವೆಷ್ಟೋ ಅವಳವೂ ಅಷ್ಟೇ.
ಎ ಟಿ ಜಿ ಎ ಸಿ.
ಇಲ್ಲಿತನಕ ಇಲಿಗೂ ನಮಗೂ ಒಂದೇ, ಅಂದೆ,
ಆರನೆಯದಕ್ಕೆ ದಾರಿ ಬೇರೆ.
ಸಿ ಸಿ ಸಿ ಎ ಎ ಟಿ ಎ...

ಸ್ವಲ್ಪ ಹೊತ್ತು ಕೇಳಿದಳು. ಅವಳ ಹಿಂದೆ ಎಲ್ಲೋ
ಕಲ್ಲು ಕೊರೆಯುವ ಮಷೀನು.
"ಇದ್ರಾಗ ಅದು ಬಾಗ್ಲಾಗ ಹರಳು ಯಾಕ ಇಡ್ತದ
ಅಂತ ಬರ್ದದೇನ?"
ಇಲ್ಲ ಆಯಿ, ಅದು ಬರೆದಿಲ್ಲ.
"ಮತ್ತ ಏನ್ ಓದ್ಲತ್ತೀ," ಅಂದಳು,
"ಉಂಡು ಮಲ್ಕೋ."